ಬರ್ತೇವಿ ಅಂದ ತಪ್ಪಿಗೆ

ಹಾನಗಲ್, ಹೊರಡುವ ಮೊದಲು

ನಾನು ನಡೆಯುವ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಹಾನಗಲ್ಲಿನಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ನನ್ನ ಬೀಜ, ಗೊಬ್ಬರದ ಅಂಗಡಿಯಿಂದ ಎದುರಿನ ಚಹಾದಂಗಡಿಗೆ ಹೋಗಲಿಕ್ಕೂ ಸ್ಕೂಟರಿಗೆ ಕಿಕ್ ಹೊಡೆಯುವವನು ನಾನು. ಒಮ್ಮೆ ಶಿಗ್ಗಾಂವಿಯಿಂದ ಬರುವಾಗ ಬಸ್ಸು ಕೆಟ್ಟು ನಿಂತಿತು. ಬಂಕಾಪುರದವರೆಗೆ ನಡೆದೇ ಬಿಡೋಣ ಎಂದು ಎಲ್ಲರಿಗಿಂತ ಮುಂದೆ ಇಳಿದವನು ನಾನೇ. ಕಾಲು ಭಾಗ ದಾರಿ ಸವೆಯುವುದರೊಳಗೆ ಒಂದು ಟ್ರ್ಯಾಕ್ಟರಿಗೆ ಕೈ ಮಾಡಿದವನೂ ನಾನೇ. ಆ ಟ್ರ್ಯಾಕ್ಟರಿನವನು ಇವತ್ತಿಗೂ ಅಂಗಡಿಗೆ ಬಂದರೆ "ಏನ್ರಿ ಸಾವ್ಕಾರ್ರ, ಕಾಲು ಹೆಂಗದಾವ್ರಿ?" ಎಂದೇ ಮಾತು ಶುರು ಮಾಡುತ್ತಾನೆ.

ಇಂಥವನು ಸ್ಪೇನ್ ದೇಶಕ್ಕೆ ಹೋಗಿ ಪಾದಯಾತ್ರೆ ಮಾಡಿದ್ದಕ್ಕೆ ಭಕ್ತಿ ಕಾರಣವಲ್ಲ, ಬಾಯಿ ಕಾರಣ. ಗಿರಾಕಿ ಇಲ್ಲದ ಒಂದು ಮಧ್ಯಾಹ್ನ ಫೋನಿನಲ್ಲಿ ಒಂದು ವಿಡಿಯೊ ನೋಡುತ್ತಿದ್ದೆ. ಆ ದೇಶದಲ್ಲಿ ಸಾಂತಿಯಾಗೊ ಎಂಬ ಊರಿದೆ, ಅಲ್ಲಿ ಒಬ್ಬ ಸಂತರ ಗದ್ದುಗೆ ಇದೆ. ಹೊಲಗದ್ದೆಗಳ ನಡುವೆ ವಾರಗಟ್ಟಲೆ ನಡೆದು ಜನ ಅಲ್ಲಿಗೆ ಹೋಗುತ್ತಾರೆ. ಮುಟ್ಟಿದವರಿಗೆ ಹೆಸರು ಬರೆದು ಒಂದು ಪ್ರಮಾಣಪತ್ರ ಕೊಡುತ್ತಾರೆ. "ಇದೇನ್ ಮಹಾ! ಇದನ್ನ ನಾನೂ ನಡೀತೇನಿ" ಎಂದೆ. ಎದುರಿಗೆ ಕುಳಿತಿದ್ದವನು ಬಂಕಾಪುರದ ಗೆಳೆಯ ಬಸಣ್ಣ. ಅವನ ಕಿವಿಗೆ ಬಿದ್ದ ಮಾತು ಬಸ್ಸಿಗಿಂತ ಮೊದಲು ಊರು ಮುಟ್ಟುತ್ತದೆ. ಎರಡು ದಿನ ಬಿಟ್ಟು ಹಿರೇಕೆರೂರಿನಿಂದ ನನ್ನ ಮಾವನವರ ಫೋನು ಬಂತು: "ಅಳಿಯಂದ್ರ, ವಿಮಾನ ಯಾವತ್ತರಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇನ್ನು ನಡೆಯದೆ ಗತಿ ಇರಲಿಲ್ಲ. ಬಸಣ್ಣ ಅಷ್ಟಕ್ಕೇ ಬಿಡಲಿಲ್ಲ. ನಾನು ತಿರುಗಿ ಬಂದ ದಿನ ಸತ್ಕಾರ ಸಮಾರಂಭವೆಂದೂ, ಆ ಪ್ರಮಾಣಪತ್ರ ಹಿಡಿದ ನನ್ನ ಭಾವಚಿತ್ರದ ಫ್ಲೆಕ್ಸ್ ಬಸ್ ನಿಲ್ದಾಣದ ಎದುರು ಕಟ್ಟುವುದೆಂದೂ ಘೋಷಿಸಿಬಿಟ್ಟ. ನಾನು ಬೇಡ ಬೇಡವೆಂದೆ. ಆದರೆ ಬೇಡವೆನ್ನುತ್ತಲೇ ಒಂದು ಒಳ್ಳೆಯ ಫೋಟೊ ಹುಡುಕಿ ಕಳಿಸಿದೆ.

ನನ್ನ ಹೆಂಡತಿಯ ಚಿಂತೆ ಬೇರೆಯಾಗಿತ್ತು. "ಒಬ್ಬರ ಹೋಗಬ್ಯಾಡ್ರಿ. ದುಂಡಸಿಗೆ ಹೋಗ್ರಿ ಅಂದ್ರ ಹಾವೇರ್‍ಯಾಗ ಹೋಗಿ ಇಳಿಯಾವ್ರು ನೀವು. ಅಕ್ಕಾರನ್ನ ಕರ್ಕೊಂಡ ಹೋಗ್ರಿ."

ಅಕ್ಕ ಎಂದರೆ ನೀಲಕ್ಕ, ನನಗಿಂತ ಮೊದಲು ಹುಟ್ಟಿದವಳು. ಸವಣೂರಿಗೆ ಕೊಟ್ಟಿದ್ದು. ಯುಗಾದಿ ಬಂತೆಂದರೆ ಓಣಿಯವರ ಜೊತೆ ಶ್ರೀಶೈಲಕ್ಕೆ ನಡೆದು ಹೊರಡುವ ಹೆಂಗಸು. ನಾನು ಹಿಂಜರಿಯುತ್ತ ಕೇಳಿದಾಗ ಅವಳು ಹಾಕಿದ ಪ್ರಶ್ನೆ ಒಂದೇ: "ಅಲ್ಲಿ ನಮ್ಮ ಮಲ್ಲಯ್ಯ ಅದಾನೇನ?"

"ಇಲ್ಲ ಅಕ್ಕಾ, ಅದು ಕ್ರಿಸ್ತರ ದೇವಸ್ಥಾನ."

"ಇರವಲ್ದ್ಯಾಕ. ದೇವರು ಯಾರದಾದ್ರೇನ, ನಡಿಯೂ ಕಾಲು ನಮ್ಮವ ಅಲ್ಲೇನ?"

ಅವಳು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಸವಣೂರ ಖಾರಾ, ಅರಿಷಿಣ ಕಟ್ಟಿಕೊಂಡಳು. ನಾನು ಫೋನಿನಲ್ಲಿ ಸ್ಪ್ಯಾನಿಷ್ ಭಾಷೆ ಕಲಿತೆ. ಕೊನೆಗೆ ಯಾವುದು ನಮ್ಮನ್ನು ಕಾಪಾಡಿತು, ಯಾವುದು ಕೆಡಿಸಿತು ಎಂಬುದನ್ನೇ ಮುಂದೆ ಹೇಳಬೇಕಾಗಿದೆ.

ಬುರ್ಗೋಸಿನಿಂದ ಮುಂದೆ

ಇಡೀ ದಾರಿ ನಡೆಯುವಷ್ಟು ಬಿಡುವು ನನಗೆ ಇರಲಿಲ್ಲ, ತಾಕತ್ತಂತೂ ಮೊದಲೇ ಇರಲಿಲ್ಲ. ನಡುವಿನ ಬುರ್ಗೋಸ್ ಎಂಬ ಊರಿನಿಂದ ಹೊರಟೆವು. ಊರು ದಾಟಿದ ಮೇಲೆ ಬಯಲೇ ಬಯಲು. ಗೋಧಿ ಕೊಯ್ದ ಕೂಳೆ, ತಲೆ ಬಾಗಿಸಿ ಒಣಗಿದ ಸೂರ್ಯಕಾಂತಿ. ನಾನು ಊಹಿಸಿದ್ದು ಕ್ಯಾಲೆಂಡರಿನ ಯುರೋಪು. ಬಂದು ನಿಂತದ್ದು ಸವಣೂರಿನ ಆಚೆಯ ಎರೆಹೊಲದಲ್ಲಿ. ಅಕ್ಕನಿಗೆ ಮಾತ್ರ ಖುಷಿಯೋ ಖುಷಿ. ಮಣ್ಣಿಗೆ ಹುಲ್ಲು ಕಲಸಿ ಕಟ್ಟಿದ ಹಳೆಯ ಗೋಡೆಗಳನ್ನು ಮುಟ್ಟಿ ಮುಟ್ಟಿ ನೋಡಿದಳು. "ನೋಡ ತಮ್ಮಾ, ಇವರೂ ಮಣ್ಣಿಗೆ ಹೊಟ್ಟು ಹಾಕಿ ತುಳದಾರ. ಇಷ್ಟ ದೂರ ಬಂದ್ರೂ ಗ್ವಾಡಿ ನಮ್ಮವ."

ದಾರಿ ತಪ್ಪಬಾರದೆಂದು ಇಲ್ಲಿ ಕಲ್ಲು, ಗೋಡೆ, ಕಂಬ ಕಂಡಲ್ಲೆಲ್ಲ ಹಳದಿ ಬಾಣದ ಗುರುತು ಬಳಿದಿದ್ದಾರೆ. ಯಾರೂ ಅದರ ಮೇಲೆ ಚುನಾವಣೆಯ ಚೀಟಿ ಅಂಟಿಸಿಲ್ಲ, ಎಲೆಯಡಿಕೆ ಉಗುಳಿಲ್ಲ. ನನ್ನ ಹುಟ್ಟೂರು ಆಡೂರು. ಅಲ್ಲಿ ಚಾಲುಕ್ಯರ ಕಾಲದ ಶಾಸನದ ಕಲ್ಲಿಗೆ ಎಮ್ಮೆ ಮೈ ತಿಕ್ಕುವುದನ್ನು ನೋಡಿ ಬೆಳೆದವನು ನಾನು. ಒಂದು ಬಾಣದ ಗುರುತಿಗೆ ಇವರು ಕೊಡುವ ಮರ್ಯಾದೆ ಕಂಡು ಸ್ವಲ್ಪ ನಾಚಿಕೆಯಾಯಿತು.

ಛತ್ರಗಳಲ್ಲಿ ಗಂಡಸರು ಹೆಂಗಸರೆನ್ನದೆ ಎಲ್ಲರೂ ಒಂದೇ ಕೋಣೆಯಲ್ಲಿ, ಮೇಲೊಂದು ಕೆಳಗೊಂದು ಇರುವ ಮಂಚಗಳಲ್ಲಿ ಮಲಗಬೇಕು. ನನ್ನ ಗೊರಕೆಯ ಕೀರ್ತಿ ನನಗಿಂತ ಒಂದು ಊರು ಮುಂದೆ ನಡೆಯುತ್ತಿತ್ತು. ಚೀಲ ಹೊತ್ತು ನಾನು ಒಳಗೆ ಕಾಲಿಟ್ಟರೆ ಮೊದಲೇ ಬಂದು ಮಲಗಿದವರು ಎದ್ದು ದೂರದ ಮಂಚಕ್ಕೆ ಹೋಗುತ್ತಿದ್ದರು. ಅಕ್ಕ ಮಾತ್ರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಮುಖ ತೊಳೆದು, ಮೂಲೆಯಲ್ಲಿ ಕುಳಿತು ಲಿಂಗಪೂಜೆ ಮುಗಿಸುತ್ತಿದ್ದಳು. ಆಗ ಇಡೀ ಕೋಣೆ ಬೂಟಿನ ಸಪ್ಪಳವನ್ನೂ ಮಾಡದೆ ಕಾಯುತ್ತಿತ್ತು.

ತೊಂದರೆ ಶುರುವಾದದ್ದು ಹೊರಡುವ ಹೊತ್ತಿನಲ್ಲಿ. ಮೊದಲ ಛತ್ರದಿಂದ ಹೊರಡುವಾಗ ಅಕ್ಕ ಹೊಸ್ತಿಲಲ್ಲಿ ನಿಂತು ಕೇಳಿದಳು: "ಹೊಂಟಾಗ ಇವರು ಏನಂತಾರ?"

"ಅದಿಯೋಸ್ ಅಂತಾರ."

"ಹಂಗಂದ್ರ?"

"ದೇವರ ಕಡೆಗೆ ಅಂತ ಅದರ ಮೂಲ ಅರ್ಥ" ಎಂದು ನನ್ನ ಪಾಂಡಿತ್ಯ ತೋರಿಸಿದೆ.

"ಅಯ್ಯ ಯಪ್ಪಾ! ಇಷ್ಟ ಲಗೂನ ನನ್ನ ದೇವರ ಕಡೆ ಯಾಕ ಕಳಸ್ತೀ? ಬರ್ತೇವಿ ಅನ್ನಾಕ ಏನಂತಾರ, ಅದನ್ನ ಹೇಳು."

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನೆಯಿಂದ ಹೊರಡುವವರು ಯಾರೂ ಹೋಗ್ತೇನಿ ಎನ್ನುವುದಿಲ್ಲ, ಬರ್ತೇನಿ ಎನ್ನುತ್ತಾರೆ. ಹೋದರು ಎಂದರೆ ಅರ್ಥವೇ ಬೇರೆ. ನಾನು ಫೋನು ತೆಗೆದು ಹುಡುಕಿದೆ. ಬೊಲ್ಬೆಮೊಸ್. ತಿರುಗಿ ಬರುತ್ತೇವೆ. ಅಕ್ಷರ ಅಕ್ಷರಕ್ಕೂ ಸರಿಯಾದ ಅನುವಾದ. ಅಕ್ಕ ಅದನ್ನು ಒಂದು ಗುಟುಕಿನಲ್ಲಿ ಕಲಿತಳು. ಅದರ ಜೊತೆಗೆ ಅವಳಿಗೆ ಬರುತ್ತಿದ್ದ ಇನ್ನೊಂದು ಪದವೆಂದರೆ 'ಸಿ', ಅಂದರೆ ಹೌದು. ಏನು ಕೇಳಿದರೂ ಸಿ ಎಂದರೆ ಈ ದೇಶದಲ್ಲಿ ಕಾಫಿ ಸಿಗುತ್ತದೆ ಎಂದು ಅವಳು ಕಂಡುಕೊಂಡಿದ್ದಳು.

ಅಲ್ಲಿಂದ ಮುಂದೆ ಛತ್ರದವರಿಗೆ, ಚಹಾದಂಗಡಿಯವರಿಗೆ, ನೀರು ಕೊಟ್ಟ ಮುದುಕಿಯರಿಗೆ, ಒಮ್ಮೆ ಒಂದು ಕತ್ತೆಗೆ ಸಹ, ಅಕ್ಕ ಕೈ ಮುಗಿದು "ಬೊಲ್ಬೆಮೊಸ್" ಎಂದು ಹೇಳುತ್ತ ಬಂದಳು. ಜನ ನಗುತ್ತಿದ್ದರು. ನನ್ನ ಪಾಠ ಫಲಿಸಿತೆಂದು ನಾನೂ ನಗುತ್ತಿದ್ದೆ. ಪ್ರತಿ ಊರು ದಾಟಿದ ಮೇಲೂ ಅವಳು ಒಮ್ಮೆ ಹಿಂದಿರುಗಿ ನಿಂತು ಆ ಊರಿಗೆ ಕೈ ಮುಗಿಯುತ್ತಿದ್ದಳು. "ನಡಿ ಅಕ್ಕಾ, ಹೊತ್ತಾಗ್ತದ" ಎಂದು ನಾನು ಗೊಣಗುತ್ತಿದ್ದೆ.

ಎಲ್ವಿರಾಳ ಊರು

ಹೊಸ ಬೂಟು ಕೊಂಡವನಿಗೆ ಅಂಗಡಿಯವನು ತಿಂಗಳು ಮೊದಲೇ ಹಾಕಿ ಪಳಗಿಸಿರಿ ಎಂದು ಹೇಳಿದ್ದ. ನಾನು ಸ್ಕೂಟರ್ ಮೇಲೆ ಕುಳಿತು ಪಳಗಿಸಿದ್ದೆ. ಫಲವಾಗಿ ಎರಡೂ ಹಿಮ್ಮಡಿಗಳಲ್ಲಿ ದೊಡ್ಡ ದೊಡ್ಡ ಬೊಬ್ಬೆ ಎದ್ದವು. ಒಂದೇ ಬೀದಿಯ ಸಣ್ಣ ಹಳ್ಳಿಯೊಂದಕ್ಕೆ ಕುಂಟುತ್ತ ಬಂದು, ತೆರೆದ ಮೊದಲ ಬಾಗಿಲಿನೊಳಗೆ ಕುಸಿದೆ. ಅದೇ ಎಲ್ವಿರಾಳ ಛತ್ರ.

ಎಲ್ವಿರಾ ಎಪ್ಪತ್ತರ ಆಸುಪಾಸಿನ ಎತ್ತರದ ಹೆಂಗಸು. ದನಿ ಗಂಡುದನಿ. ನನ್ನ ಹೆಸರನ್ನೂ ಕೇಳದೆ ಬೂಟು ಕಳಚಿ, ಸೂಜಿಗೆ ದಾರ ಪೋಣಿಸಿ ಬೊಬ್ಬೆಗೆ ಚುಚ್ಚಲು ಬಂದಳು. ಅಕ್ಕ ಅಡ್ಡ ಬಂದು ಅರಿಷಿಣದ ಡಬ್ಬಿ ತೆಗೆದಳು. ಅವಳು ಅವಳ ಭಾಷೆಯಲ್ಲಿ, ಇವಳು ಇವಳ ಭಾಷೆಯಲ್ಲಿ ನನ್ನ ಕಾಲಿನ ಮೇಲೆ ವಾದಕ್ಕೆ ನಿಂತರು. ನಾನು ದುಭಾಷಿಯಾಗಲು ಸಿದ್ಧನಿದ್ದೆ, ಇಬ್ಬರೂ ನನ್ನನ್ನು ಕೇಳಲಿಲ್ಲ. ಕೊನೆಗೆ ರಾಜಿಯಾಯಿತು: ಮೊದಲು ಸೂಜಿ, ಆಮೇಲೆ ಅರಿಷಿಣ. ಕಿರುಚಿದ್ದು ಮಾತ್ರ ಕನ್ನಡದಲ್ಲಿ.

ಎರಡು ದಿನ ಅಲ್ಲೇ ಬಿದ್ದುಕೊಂಡೆ. ಅಕ್ಕ ಅಡುಗೆಮನೆ ಸೇರಿದಳು. ಅವಳು ಕೊಟ್ಟ ಖಡಕ್ ರೊಟ್ಟಿಯನ್ನು ಎಲ್ವಿರಾ ಬೆರಳಿನಿಂದ ಬಡಿದು ನೋಡಿ, ತಟ್ಟೆಯೆಂದು ತಿಳಿದು, ಅದರ ಮೇಲೆ ಚೀಸು, ಟೊಮ್ಯಾಟೊ ಇಟ್ಟು ತಿಂದಳು. ತಿಂದು ಮುಗಿಸಿ ತೊಳೆಯಲು ಹೊರಟಾಗ ಅಕ್ಕ ಅದನ್ನು ಕಸಿದು ಮುರಿದು ಬಾಯಿಗಿಟ್ಟಳು. ಎಲ್ವಿರಾ ಬಾಗಿಲಿಗೆ ಓಡಿ ಬೀದಿಯನ್ನೇ ಕರೆದಳು. ಬಂದವನು ಎದುರುಮನೆಯ ಫೆರ್ಮಿನ್ ಒಬ್ಬನೇ. ತಲೆಗೆ ಟೊಪ್ಪಿಗೆ, ಬಾಯಲ್ಲಿ ಚುಡಾಯಿಸುವ ಮಾತು. ದಿನವಿಡೀ ಕಟ್ಟೆಯ ಮೇಲೆ ಕೂಡುವ ಮುದುಕ.

ಆ ಫೆರ್ಮಿನ್ನನೇ ನನಗೊಂದು ಕಥೆ ಹೇಳಿದ. ನನ್ನ ಭಾಷೆ ಸಾಲದ ಕಡೆ ಫೋನು ಅನುವಾದ ಮಾಡಿತು. ಹಿಂದೊಮ್ಮೆ ಒಬ್ಬ ಯಾತ್ರಿ ಹುಡುಗಿ ಈ ಛತ್ರದಲ್ಲಿ ಜ್ವರ ಬಂದು ಮಲಗಿದ್ದಳು. ಎಲ್ವಿರಾ ವಾರಗಟ್ಟಲೆ ಆರೈಕೆ ಮಾಡಿದಳು. ಹೊರಡುವಾಗ ಅವಳು ಕ್ರಿಸ್‌ಮಸ್ಸಿಗೆ ಬರುತ್ತೇನೆಂದು ಅತ್ತು ಹೇಳಿ ಹೋದಳು. ಎಲ್ವಿರಾ ಕುರಿಮರಿ ಹುರಿದು, ಊರವರನ್ನು ಕರೆದು, ಬಾಗಿಲಲ್ಲಿ ನಿಂತಳು. ಹುಡುಗಿ ಬರಲಿಲ್ಲ. "ಕುರಿ ನಾನು ತಿಂದೆ" ಎಂದ ಫೆರ್ಮಿನ್, "ಈ ದಾರಿ ಕಾಲುವೆ ಇದ್ದ ಹಾಗೆ. ನೀರು ಒಂದೇ ಕಡೆ ಹೋಗುತ್ತದೆ. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಯಾತ್ರಿ ತಿರುಗಿ ಬಂದಿಲ್ಲ. ಆದರೂ ಈಕೆ ನಂಬುತ್ತಾಳೆ." ಒಳಗಿನಿಂದ ಎಲ್ವಿರಾ ಏನನ್ನೋ ಬೈದಳು. ಆ ಬೈಗುಳ ನನ್ನ ಫೋನಿಗೆ ಬರಲಿಲ್ಲ.

ಕಥೆ ಕೇಳಿ ನಾನು ಅಯ್ಯೋ ಪಾಪ ಎಂದೆ, ಅಕ್ಕನಿಗೂ ಹೇಳಿದೆ. ಮರುದಿನ ಬೆಳಿಗ್ಗೆ ಹೊರಡುವಾಗ ಅಕ್ಕ ಎಲ್ವಿರಾಳ ಎರಡೂ ಕೈ ಹಿಡಿದು "ಬೊಲ್ಬೆಮೊಸ್" ಎಂದಳು. ಎಲ್ವಿರಾ ಉಳಿದವರಂತೆ ನಗಲಿಲ್ಲ. "ಕ್ವಾಂದೊ?" ಎಂದಳು. ಅಕ್ಕ "ಸಿ" ಎಂದಳು. ಎಲ್ವಿರಾ ಸ್ವಲ್ಪ ಯೋಚಿಸಿ "ಎಲ್ ದೊಮಿಂಗೊ?" ಎಂದಳು. ಅಕ್ಕ ನಮ್ಮ ಪದ್ಧತಿಯಂತೆ ತಲೆಯನ್ನು ಎರಡೂ ಕಡೆ ತೂಗಿ "ಸಿ, ಸಿ" ಎಂದಳು. ಎಲ್ವಿರಾ ಬೀದಿಯ ಕಡೆ ತಿರುಗಿ ಫೆರ್ಮಿನ್ನನಿಗೆ ಏನನ್ನೋ ಕೂಗಿ ಹೇಳಿದಳು.

ಕ್ವಾಂದೊ ಎಂದರೆ ಯಾವಾಗ, ದೊಮಿಂಗೊ ಎಂದರೆ ಭಾನುವಾರ. ಎರಡೂ ನನ್ನ ಮೊದಲ ವಾರದ ಪಾಠಗಳು. ಆದರೆ ಫೋನಿನೊಳಗಿನ ಹೆಣ್ಣುಮಗಳು ಅವನ್ನು ನಿಧಾನವಾಗಿ, ಸಕ್ಕರೆ ಬೆರೆಸಿ ಹೇಳುತ್ತಿದ್ದಳು. ಮೇಲಾಗಿ ನಾನು ಬಗ್ಗಿ ಬೂಟಿನ ಲಾಡಿ ಕಟ್ಟುತ್ತಿದ್ದೆ.

"ಏನ ಒದರಿದ್ಲು ಆಕಿ?" ಎಂದು ಅಕ್ಕ ಕೇಳಿದಳು.

"ನಿನ್ನ ರೊಟ್ಟಿ ಹೊಗಳಾಕತ್ತಾಳ" ಎಂದೆ ನಾನು, ಪಂಡಿತ.

ಸಾಹಗೂನ್

ಸಾಹಗೂನ್ ದೊಡ್ಡ ಊರು, ರೈಲು ನಿಲ್ದಾಣ ಇದೆ. ನನ್ನ ಬೊಬ್ಬೆಗಳು ನುಂಗಿದ ದಿನಗಳನ್ನು ಲೆಕ್ಕ ಹಾಕಿದಾಗ ಒಂದು ಸಂಗತಿ ಸ್ಪಷ್ಟವಾಗಿತ್ತು: ಇಲ್ಲಿಂದ ಪೂರ್ತಿ ನಡೆಯುವುದು ಆಗದ ಮಾತು. ಆದರೆ ಕೊನೆಯ ನೂರು ಕಿಲೋಮೀಟರು ನಡೆದರೆ ಸಾಕು, ಪ್ರಮಾಣಪತ್ರ ಕೊಡುತ್ತಾರೆ. ಮರುದಿನ ಶನಿವಾರ ಬೆಳಿಗ್ಗೆ ರೈಲು ಹತ್ತಿ ಮುಂದೆ ಹೋಗಿ ಅಲ್ಲಿಂದ ನಡೆದರೆ, ವಿಮಾನದ ದಿನದೊಳಗೆ ಸಾಂತಿಯಾಗೊ ಮುಟ್ಟಬಹುದು. ಒಂದು ದಿನ ತಡವಾದರೂ ಇಲ್ಲ.

ಛತ್ರದವನು ನಮ್ಮ ಪಾಸ್‌ಪೋರ್ಟು ನೋಡಿ ಮುಖವರಳಿಸಿದ. "ಇಂದಿಯಾ? ಅಕ್ಕ, ತಮ್ಮ?" ಎಂದು ಖಚಿತ ಮಾಡಿಕೊಂಡು, ಎಲ್ವಿರಾ ಫೋನು ಮಾಡಿದ್ದಳು ಎಂದ. ದಾರಿಯ ಛತ್ರದವರೆಲ್ಲ ಪರಸ್ಪರ ಪರಿಚಿತರು. ಅವಳು ತಿಳಿಸಿದ್ದನ್ನು ಅವಳ ಮಾತಿನಲ್ಲೇ ಅವನಿಂದ ನನ್ನ ಫೋನಿಗೆ ಹೇಳಿಸಿದೆ. ಮತ್ತೊಮ್ಮೆ ಹೇಳಿಸಿದೆ. ಫೋನು ಕೆಟ್ಟಿರಬಹುದೆಂದು ಮೂರನೆಯ ಸಲ ಅವನ ಫೋನಿಗೇ ಹೇಳಿಸಿದೆ.

"ಭಾನುವಾರ ಮಧ್ಯಾಹ್ನದ ಊಟಕ್ಕೆ ಇಡೀ ಊರನ್ನು ಕರೆದಿದ್ದೇನೆ. ಹಿಟ್ಟು ತಂದಿಟ್ಟಿದ್ದೇನೆ. ಆ ತಾಯಿ ಬಂದು ರೊಟ್ಟಿ ಮಾಡುತ್ತಾಳೆಂದು ಎಲ್ಲರಿಗೂ ಹೇಳಿದ್ದೇನೆ. ಎಷ್ಟು ಹೊತ್ತಿಗೆ ಬಂದು ಮುಟ್ಟುತ್ತಾರೆ?"

ಅಕ್ಕನಿಗೆ ತಿಳಿಸಿದೆ. ಅವಳು ಮಂಚದ ಮೇಲೆ ಕುಳಿತುಬಿಟ್ಟಳು.

"ನಾ ಯಾವಾಗ ಅಂದೆ ಹಂಗ?"

"ಹೊರಡೂ ಮುಂದ ಅಂದಿ. ಬೊಲ್ಬೆಮೊಸ್ ಅಂದ್ರ ತಿರುಗಿ ಬರ್ತೇವಿ ಅಂತ."

"ನಾನೂ ಅದನ್ನ ಅಂದದ್ದು. ಬರ್ತೇವಿ ಅಂತ."

"ನಾವು ಬರ್ತೇವಿ ಅಂದ್ರ ಹೋಗ್ತೇವಿ ಅಂತ ಅರ್ಥ. ಅವರು ಬರ್ತೇವಿ ಅಂದ್ರ ಬರ್ತೇವಿ ಅಂತಾನ ಅರ್ಥ."

ಅಕ್ಕ ನನ್ನ ಮುಖ ನೋಡಿದಳು. "ಮತ್ತ ಇಷ್ಟ ತಿಂಗಳಾ ಏನ ಕಲತಿ ನೀ?"

ಫೋನು ಮಾಡಿ ಕ್ಷಮೆ ಕೇಳೋಣ ಎಂದೆ. ಆರೋಗ್ಯ ಸರಿ ಇಲ್ಲ ಎನ್ನೋಣ, ನನ್ನ ಕಾಲಿನ ಸ್ಥಿತಿ ಆಕೆಗೂ ಗೊತ್ತು ಎಂದೆ. ಅಕ್ಕ ಒಪ್ಪಲಿಲ್ಲ. "ಫೋನ್‌ನ್ಯಾಗ ರೊಟ್ಟಿ ಬಡಿಯಾಕ ಬರ್ತದೇನ? ಆಕಿ ಊರ ಮಂದೀನ ಕರದಾಳ. ಎಲಿ ಹಾಕಿ ಕುಂದ್ರಿಸಿದ ಮ್ಯಾಲ ಅಡಗಿ ಮಾಡಾಕಿ ಬರಲಿಲ್ಲಂದ್ರ ಆಕಿ ಮಾರಿ ಎಲ್ಲಿ ಇಟ್ಕೋಬೇಕು? ಆ ಮುದುಕ ಮತ್ತ ನಗ್ತಾನ. ಆ ಹುಡಿಗಿ ಒಮ್ಮೆ ಮಾಡಿದ್ದು ಸಾಲದ?"

"ಅಕ್ಕಾ, ಈಗ ತಿರುಗಿ ಹೋದ್ರ ಸಾಂತಿಯಾಗೊ ಇಲ್ಲ. ಸರ್ಟಿಫಿಕೇಟು ಇಲ್ಲ. ಹಾನಗಲ್ಲಿನ್ಯಾಗ ನನ್ನ ಮಾರಿ ಎಲ್ಲಿ ಇಟ್ಕೊಳ್ಳಿ?"

"ನೀ ಹೋಗಪಾ. ನಿನ್ನ ಮಾರೀಗೆ ಏನೂ ಆಗೂದು ಬ್ಯಾಡ. ನಾ ಒಬ್ಬಾಕಿನ ಹಿಂದಕ್ಕ ಹೋಗಿ ರೊಟ್ಟಿ ಬಡದ ಬರ್ತೇನಿ."

ಎರಡೇ ಎರಡು ಪದ ಬರುವ ಹೆಂಗಸು ಆ ಬಯಲಿನಲ್ಲಿ ಒಬ್ಬಳೇ ಹೋಗುತ್ತೇನೆ ಎನ್ನುತ್ತಿದ್ದಳು. ಆ ಎರಡು ಪದಗಳೂ ಅವಳನ್ನು ಎಲ್ಲಿಗೆ ತಂದು ನಿಲ್ಲಿಸಿದ್ದವು ಎಂಬುದು ಕಣ್ಣೆದುರಿಗೇ ಇತ್ತು. ನನಗೆ ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಾಗದೆ ಬಸಣ್ಣನಿಗೆ ಫೋನು ಮಾಡಿದೆ.

"ಬಸಣ್ಣಾ, ಆ ಫ್ಲೆಕ್ಸ್ ಬ್ಯಾಡ. ನಾನು ಮುಟ್ಟಾಂಗಿಲ್ಲ."

"ಅದ ಪ್ರಿಂಟ್ ಆಗಿ ಬಂದೈತ್ರಿ. ನಿಮ್ಮ ಫೋಟೊ ಭಾಳ ಛಲೋ ಬಂದೈತಿ. ಯಾಕ್ರಿ, ಏನಾತು?"

"ಒಂದು ಊಟಕ್ಕ ಹೋಗೂದೈತಿ."

ಬಸಣ್ಣ ಮೆಲ್ಲಗೆ ಕೇಳಿದ: "ಅಲ್ಲಿ ಅಡಗಿ ಅಷ್ಟ ಛಲೋ ಇರತೈತೇನ್ರಿ?" ಫ್ಲೆಕ್ಸನ್ನು ತಿರುವಿ ಹಾಕಿ ಅವನ ಕೊಟ್ಟಿಗೆಯ ಮೇಲೆ ಹೊದಿಸಲು ಹೇಳಿ ಫೋನು ಇಟ್ಟೆ. ಹಾಗೇ ಮಾಡಿದ್ದಾನೆ. ಈಗ ಬಂಕಾಪುರದಲ್ಲಿ ಅವನ ಎಮ್ಮೆಗಳಿಗೆ ಮಾತ್ರ ನನ್ನ ಮುಖ ಕಾಣುತ್ತದೆ.

ಹಿಂದುಮುಂದಾಗಿ

ಛತ್ರದವನು ಕಾರು ಗೊತ್ತು ಮಾಡುತ್ತೇನೆಂದ. ಅಕ್ಕ ಬೇಡವೆಂದಳು. ನಡೆದು ಬಂದವರು ನಡೆದೇ ಹೋಗಬೇಕಂತೆ. ನನ್ನ ಹಿಮ್ಮಡಿಗಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಯಾತ್ರೆಯ ದಾರಿಯಲ್ಲಿ ಉಲ್ಟಾ ನಡೆಯುವುದು ಎಂಥ ಅಪಮಾನ ಎಂದು ನಡೆದವರಿಗೇ ಗೊತ್ತು. ಎದುರಿಗೆ ಬರುವ ಪ್ರತಿಯೊಬ್ಬನೂ ನಮ್ಮನ್ನು ತಿದ್ದಲು ನಿಂತ. "ಸಾಂತಿಯಾಗೊ ಆ ಕಡೆ!" ಎಂದು ಕೈ ತೋರಿಸಿದರು. ಕೋಲಿನಿಂದ ತೋರಿಸಿದರು. ಒಂದು ವಯಸ್ಸಾದ ಜೋಡಿ ಮಾತೇ ಆಡದೆ ನನ್ನ ಎರಡೂ ಭುಜ ಹಿಡಿದು ಮೆತ್ತಗೆ ಪಶ್ಚಿಮಕ್ಕೆ ತಿರುಗಿಸಿ ನಿಲ್ಲಿಸಿತು. ನಾನು ಒಂದು ವಾಕ್ಯ ಸಿದ್ಧ ಮಾಡಿಕೊಂಡೆ: ನಾವು ಊಟಕ್ಕೆ ಹೋಗುತ್ತಿದ್ದೇವೆ. ಒಬ್ಬ ತರುಣ ಗಡಿಯಾರ ನೋಡಿ, ಹೋಟೆಲು ಎಷ್ಟು ದೂರ ಎಂದು ಕೇಳಿದ. "ನಾಳೆ ಮಧ್ಯಾಹ್ನ" ಎಂದೆ. ಅವನು ತನ್ನ ನೀರಿನ ಬಾಟಲಿ ಕೊಟ್ಟು ಹೋದ.

ಹಳದಿ ಬಾಣಗಳೂ ಕೈಕೊಟ್ಟವು. ಅವು ಬರುವವರ ಕಣ್ಣಿಗಷ್ಟೇ ಕಾಣುವಂತೆ ಬಳಿದಂಥವು, ತಿರುಗಿ ಹೋಗುವವರಿಗೆ ಬರೀ ಕಲ್ಲು. ಮೊದಲ ಕವಲಿನಲ್ಲೇ ನಾನು ನಮ್ಮಿಬ್ಬರನ್ನೂ ಒಂದು ಹಂದಿಸಾಕಣೆಯ ಅಂಗಳಕ್ಕೆ ಒಯ್ದು ನಿಲ್ಲಿಸಿದೆ. ಆಮೇಲೆ ಅಕ್ಕ ಮುಂದಾದಳು. "ಈ ಹಾಳು ಗ್ವಾಡಿ ಎಡಕ್ಕ ಬರಬೇಕು. ಆ ಗುಡಿ ಗೋಪುರ ಎರಡು ಗಿಡದ ನಡುವ ಕಾಣಸ್ಬೇಕು" ಎನ್ನುತ್ತ ಒಮ್ಮೆಯೂ ತಪ್ಪದೆ ನಡೆದಳು. ನಿನಗೆ ಹೇಗೆ ಗೊತ್ತು ಎಂದರೆ, "ಊರ ದಾಟಿದ ಮ್ಯಾಲ ತಿರುಗಿ ಕೈ ಮುಗೀತಿದ್ದೆ ಅಲ್ಲ? ಅವಾಗ ನೋಡಿದ್ದೆ" ಎಂದಳು. ಗೊಣಗುತ್ತಿದ್ದವನು ಹಿಂದೆ ಹಿಂದೆ ಕುಂಟಿದೆ.

ಭಾನುವಾರ

ಊರು ಮುಟ್ಟಿದಾಗ ಬಿಸಿಲು ಏರಿತ್ತು. ಫೆರ್ಮಿನ್ ತನ್ನ ಕಟ್ಟೆಯ ಮೇಲಿದ್ದ. ನಮ್ಮನ್ನು ನೋಡಿದ. ಎದ್ದು ನಿಂತ. ಟೊಪ್ಪಿಗೆ ತೆಗೆದ. ತನ್ನ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ.

ಎಲ್ವಿರಾಳ ಬಾಗಿಲು ಮುಚ್ಚಿತ್ತು. ಇಷ್ಟು ದಿನ ನಾವು ಹೊಕ್ಕ ಛತ್ರಗಳ ಬಾಗಿಲು ತೆರೆದೇ ಇರುತ್ತಿದ್ದವು, ತಟ್ಟುವ ಪ್ರಸಂಗ ಬಂದಿರಲಿಲ್ಲ. ತಟ್ಟಿದೆ. ಒಳಗಿನಿಂದ ಆ ಗಂಡುದನಿ ಬಂತು: "ಬೊಯ್! ಬೊಯ್!"

"ಏನಂತಾಳ?" ಎಂದಳು ಅಕ್ಕ.

ಈ ಪದ ನನಗೆ ಖಾತ್ರಿಯಾಗಿ ಗೊತ್ತಿತ್ತು. "ಹೋಗ್ತೇನಿ, ಹೋಗ್ತೇನಿ ಅನ್ನಾಕತ್ತಾಳ."

"ಯವ್ವಾ! ಏನಾತ ಆಕಿಗೆ?" ಎಂದು ಅಕ್ಕ ಎದೆ ಹಿಡಿದುಕೊಂಡಳು. ಹೆಜ್ಜೆಯ ಸಪ್ಪಳ ಹತ್ತಿರ ಬಂತು. ಬಾಗಿಲು ತೆರೆಯಿತು. ಎಲ್ವಿರಾ ಗಟ್ಟಿಮುಟ್ಟಾಗಿ ನಿಂತಿದ್ದಳು, ಇಸ್ತ್ರಿ ಮಾಡಿದ ಅಂಗಿ, ಕಿವಿಗೆ ಮುತ್ತು. ಇಲ್ಲಿ ಬಾಗಿಲು ತೆರೆಯಲು ಬರುವವರು ಹೋಗ್ತೇನಿ ಎಂದು ಕೂಗುತ್ತಾರೆ! ನಮ್ಮಂಥ ತಲೆಕೆಳಗಿನ ಮಂದಿ ಇಲ್ಲೂ ಇದ್ದಾರಲ್ಲ ಎಂದು ನನಗೆ ಮೊದಲ ಬಾರಿ ಸ್ವಲ್ಪ ಸಮಾಧಾನವಾಯಿತು.

ಎಲ್ವಿರಾ ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. "ತಡವಾಯಿತು" ಎಂದು ಅಕ್ಕನನ್ನು ಕೈ ಹಿಡಿದು ಒಳಗೆ ಎಳೆದುಕೊಂಡಳು. ಆದರೆ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆಯಲು ಅವಳಿಗೆ ಆಗಲಿಲ್ಲ. ಎರಡು ಸಲ ತಪ್ಪು ಕಡೆಗೇ ತಿರುಗಿಸಿದಳು. ಅಕ್ಕ ಡಬ್ಬಿಯನ್ನು ಇಸಿದುಕೊಂಡು ತಾನೇ ತೆಗೆದಳು.

ಜೋಳದ ಹಿಟ್ಟು ಆ ಸೀಮೆಯಲ್ಲೇ ಇಲ್ಲ. ಗೋಧಿ ಹಿಟ್ಟಿನ ಚಪಾತಿಯಾಯಿತು. ಅವರ ಕಡಲೆ ಹಿಟ್ಟಿನಿಂದ ಝುಣಕ, ಹೊಲದ ಬದನೆಯಿಂದ ಎಣ್ಣೆಗಾಯಿ. ಹುಣಸೆಹಣ್ಣಿನ ಬದಲು ಯಾವುದೋ ದ್ರಾಕ್ಷಿಯ ಹುಳಿ. ನನಗೆ ಈರುಳ್ಳಿ ಹೆಚ್ಚುವ ಕೆಲಸ ಕೊಟ್ಟರು, ಕಣ್ಣೀರಿಗೆ ಒಳ್ಳೆಯ ನೆವವಾಯಿತು. ಊರಿನವರು ತಂತಮ್ಮ ಕುರ್ಚಿ ತಾವೇ ಹೊತ್ತು ಬಂದರು. ಎಲ್ಲರ ಕೊನೆಗೆ ಫೆರ್ಮಿನ್ ಬಂದ. ಗಡ್ಡ ಹೆರೆದು, ಟೈ ಕಟ್ಟಿಕೊಂಡಿದ್ದ. ಖಾರಕ್ಕೆ ಅವನ ಕಣ್ಣು ಮೂಗು ಸುರಿದವು, ಆದರೂ ತಟ್ಟೆ ಬಿಡಲಿಲ್ಲ.

ಊಟದ ನಡುವೆ ಎಲ್ವಿರಾ ಎದ್ದು ನಿಂತು ಮಾತಾಡಿದಳು. ನಿಧಾನವಾಗಿ ಮಾತಾಡಿದಳು, ನನಗೂ ತಿಳಿಯಿತು. ಈ ಇಬ್ಬರು ಭೂಮಿಯ ಆಚೆ ತುದಿಯಿಂದ ಬಂದವರು, ಮಾತು ಕೊಟ್ಟರು, ಮಾತಿನಂತೆ ಬಂದರು ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೊಡದ ಮಾತಿಗೆ ಸತ್ಕಾರ ಮಾಡಿಸಿಕೊಳ್ಳುವ ಭಾಗ್ಯ ನನ್ನದು.

"ಅಕ್ಕಾ, ಖರೆ ಹೇಳಿಬಿಡ್ತೇನಿ. ಹಿಂಗ ಹೊಗಳಿಸ್ಕೊಳ್ಳಾಕ ಆಗವಲ್ದು."

"ಉಣ್ಣೂ ಮಂದಿ ಮುಂದ ಖರೆ ಹೇಳಬಾರ್ದು. ಬಾಯಿ ಮುಚ್ಚಿ ಉಣ್ಣು."

ಸೋಮವಾರ

ಬೆಳಿಗ್ಗೆ ಬಸ್ಸು ಇತ್ತು. ಅದನ್ನು ಹಿಡಿದರೆ ಪೇಟೆ, ಅಲ್ಲಿಂದ ವಿಮಾನದ ಊರು. ಎಲ್ವಿರಾ ಬಾಗಿಲಿಗೆ ಬಂದು ನಿಂತಳು. ಎದುರಿಗೆ ಫೆರ್ಮಿನ್. ಅಕ್ಕ ಹೊಸ್ತಿಲು ದಾಟಿ, ಎಲ್ವಿರಾಳ ಕೈ ಹಿಡಿದು, ಬಾಯಿ ತೆರೆದು, ಹಾಗೇ ಮುಚ್ಚಿದಳು.

ಎಲ್ವಿರಾ ಕಾದಳು. ಕೊನೆಗೆ ತಾನೇ ಕೇಳಿದಳು: "ಬೊಲ್ಬೆಮೊಸ್?"

ಅಕ್ಕ ನನ್ನ ಕಡೆ ತಿರುಗಿದಳು. "ಈಗ ಹೇಳು ತಮ್ಮಾ. ಖರೆ ಹೇಳು."

ಬರುವಷ್ಟು ಸ್ಪ್ಯಾನಿಷಿನಲ್ಲಿ ಹೇಳಿದೆ. ನಮ್ಮೂರಲ್ಲಿ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ, ಅದು ಸಾವಿನ ಮಾತು. ಬರುತ್ತೇನೆ ಎನ್ನುತ್ತಾರೆ. ನಿಮ್ಮ ಅದಿಯೋಸ್ ಇದ್ದ ಹಾಗೆ ಅಷ್ಟೇ. ತಪ್ಪು ಪದ ಕಲಿಸಿದವನು ನಾನು.

ಎಲ್ವಿರಾ ಕೇಳಿಸಿಕೊಂಡಳು. "ಹಾಗಾದರೆ ಆ ದಿನ ನೀವು ಬರುವವರು ಇರಲಿಲ್ಲ?"

"ಇರಲಿಲ್ಲ."

ಅವಳು ಬಾಗಿಲ ಪಕ್ಕದ ಕಲ್ಲಿನ ಮೇಲೆ ಕುಳಿತಳು. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡಿದಳು. ಎರಡು ದಿನ ಕುಂಟಿ ಕಟ್ಟಿದ್ದನ್ನು ಒಂದು ವಾಕ್ಯದಿಂದ ಕೆಡವಿದೆನಲ್ಲ ಎಂದು ನನಗೆ ಸಂಕಟವಾಯಿತು. ಆಗ ಎಲ್ವಿರಾ ಧಡಕ್ಕನೆ ಎದ್ದು, ಬೀದಿಯ ನಡುವೆ ಹೋಗಿ, ಇಡೀ ಊರಿಗೆ ಕೇಳುವಂತೆ ಕೂಗಿದಳು:

"ಫೆರ್ಮಿನ್! ಕೇಳಿದೆಯಾ? ಇವರು ಬರುತ್ತೇವೆ ಅಂದೇ ಇರಲಿಲ್ಲವಂತೆ! ಆದರೂ ಬಂದರು!"

ಫೆರ್ಮಿನ್ ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡ.

ಬಸ್ಸು ಬಂತು. ಎಲ್ವಿರಾ ಈಗ ಅಕ್ಕನನ್ನು ಅಪ್ಪಿಕೊಂಡಳು, ಬಹಳ ಹೊತ್ತು. ಡ್ರೈವರ್ ಹಾರ್ನ್ ಹೊಡೆಯದೆ ಕಾದ. ಅಕ್ಕ ಏನೂ ಹೇಳದೆ ಮೆಟ್ಟಿಲು ಹತ್ತಿದಳು. ಎಲ್ವಿರಾ ಬೀದಿಯ ನಡುವೆ ಕೈ ಎತ್ತಿಕೊಂಡು ನಿಂತೇ ಇದ್ದಳು. ಬಸ್ಸು ಹೊರಟ ಮೇಲೆ ನಾನು ಕೇಳಿದೆ:

"ಅಕ್ಕಾ, ಆಕಿಗೆ ಏನೂ ಅನಲಿಲ್ಲಲ್ಲ ನೀ?"

"ಏನನ್ಲಿ? ಹೋಗ್ತೇನಿ ಅನ್ನಾಕ ನಾಲಿಗಿ ಏಳವಲ್ದು. ಬರ್ತೇನಿ ಅಂದ್ರ ಆಕಿ ಮತ್ತ ಒಲಿ ಹಚ್ಚಿ ಕಾಯ್ಕೊಂತ ಕೂಡ್ತಾಳ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಊರು ದಾಟುತ್ತಲೇ ಸೀಟಿನಲ್ಲೇ ಹಿಂದಕ್ಕೆ ತಿರುಗಿ ಕೈ ಮುಗಿದಳು, ಈ ಸಲ ನಾನೂ ಮುಗಿದೆ.